ಮೆಟ್ಟಿಲ ಕೆಳಗಿನ ವೈಸ್

ಗುರುಸಿದ್ದಯ್ಯ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಚಂದ್ರಾ ಲೇಔಟಿನ ಮನೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಮೇಜು ಹಾಕಿ, ಬಿನ್ನಿಪೇಟೆಯ ಗುಜರಿಯಲ್ಲಿ ಕೊಂಡ, ಸಾಮಾನನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಹಳೇ ಬೆಂಚ್ ವೈಸನ್ನು ಅದಕ್ಕೆ ಕೂರಿಸಿಕೊಂಡಿದ್ದರು. ಕುಕ್ಕರಿನ ಹಿಡಿಯೋ ಗೇಟಿನ ಚಿಲಕವೋ, ಅದರ ಬಾಯಿಗೆ ಕಚ್ಚಿಸಿ ಕೆಲಸಕ್ಕೆ ನಿಂತರೆಂದರೆ ಊಟಕ್ಕೆ ಎರಡು ಸಲ ಕರೆಯಬೇಕಿತ್ತು.

ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಮಾತು, ನಡಿಗೆ ಮರಳಿದವು, ಎಡಗೈ ಮರಳಲಿಲ್ಲ. ಅಂದಿನಿಂದ ಅವರು ಮೆಟ್ಟಿಲ ಕೆಳಗೆ ಕಾಲಿಡಲಿಲ್ಲ. ಕೊನೆಗೊಂದು ದಿನ, ತಮ್ಮ ಕೈಕೆಳಗೆ ಕೆಲಸ ಕಲಿತಿದ್ದ ಕಾಂತರಾಜುಗೆ ಫೋನ್ ಮಾಡಿ, “ವೈಸ್ ತಗೊಂಡ್ ಹೋಗು ಕಣೋ. ಸುಮ್ನೆ ತುಕ್ಕು ಹಿಡೀತಾ ಇದೆ” ಎಂದರು. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ಜಗದಾಂಬಾ ಕೇಳಿಸಿಕೊಂಡರು.

ಭಾನುವಾರ ಲಗ್ಗೆರೆಯಿಂದ ಕಾಂತರಾಜು ಬಂದ. ನಾಲ್ಕು ಬೋಲ್ಟುಗಳಲ್ಲಿ ಎರಡನ್ನು ಬಿಚ್ಚುವಷ್ಟರಲ್ಲಿ ಜಗದಾಂಬಾ ಈಳಿಗೆ ಹಿಡಿದು ಬಂದರು.

“ಪೂರ್ತಿ ಬಿಚ್ಚೋಕೆ ಮುಂಚೆ ಇದೊಂದು ಚೂಪು ಮಾಡ್ಕೊಡಪ್ಪ. ಬದನೆಕಾಯಿನೂ ಕುಯ್ಯಲ್ಲ.”

“ಕೊಡಿ ಅಕ್ಕಾ” ಎಂದು ಅವನು ಅಲಗನ್ನು ವೈಸಿಗೆ ಸಿಕ್ಕಿಸಿ ಹಿಡಿ ತಿರುಗಿಸಿದ.

ಬಾಗಿಲ ಬಳಿ ಕೂತು ಬೇರೆಲ್ಲೋ ನೋಡುತ್ತಿದ್ದ ಗುರುಸಿದ್ದಯ್ಯ ತಟ್ಟನೆ ತಿರುಗಿದರು. “ಏಯ್, ಹಾಗೇ ಕಚ್ಚಿಸ್ತಾರೇನೋ? ಅಲಗಿಗೆ ಗಾಯ ಆಗುತ್ತೆ. ತಾಮ್ರದ ತಗಡು ಕೊಡೋ ಮಧ್ಯೆ!”

ಎದ್ದು ಬಂದು, ತಾವೇ ಬಲಗೈಯಲ್ಲಿ ತಗಡು ಹುಡುಕಿ ಎರಡೂ ಕಡೆ ಕೊಟ್ಟು ಬಿಗಿದರು. ಅರ ಎತ್ತಿಕೊಂಡು ಉಜ್ಜಿದರು. ಅದರ ತುದಿಯನ್ನು ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲದೆ ಅರ ಜಾರಿತು. ಮತ್ತೆ ಜಾರಿತು. ಕೆಳಗಿಟ್ಟುಬಿಟ್ಟರು.

“ಆಗಲ್ಲ. ನೀನೇ ಮಾಡು.”

ಕಾಂತರಾಜು ಕೈ ಚಾಚುವ ಮೊದಲೇ ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಅರವನ್ನು ಗಂಡನ ಕೈಗೆ ಕೊಟ್ಟು, ಅದರ ತುದಿಯ ಮೇಲೆ ತಮ್ಮ ಅಂಗೈ ಇಟ್ಟರು.

“ಏನ್ ಮಾಡ್ಬೇಕು, ಹೇಳಿ.”

“ನಿಂಗೆ ಗೊತ್ತಾಗಲ್ಲ ಕಣೇ.”

“ಹೇಳ್ಕೊಟ್ರೆ ಗೊತ್ತಾಗುತ್ತೆ ರೀ.”

ಅವರು ಹೆಂಡತಿಯ ಮುಖವನ್ನೊಮ್ಮೆ ನೋಡಿದರು. “ಮುಂದಕ್ಕೆ ಹೋಗ್ವಾಗ ಒತ್ತು. ವಾಪಸ್ ಬರ್ವಾಗ ಸಡಿಲ ಬಿಡು. ಅಷ್ಟೇ.”

ಮೊದಮೊದಲು ಜಗದಾಂಬಾ ತಪ್ಪಿದರು. ಗಂಡ ಗದರಿದರು, ಇವರು ನಕ್ಕರು. ಆಮೇಲೆ ಗರ್, ಗರ್ ಎಂಬ ಸದ್ದು ಒಂದೇ ಹದಕ್ಕೆ ಬಂತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಬ್ಬರೂ ಹೀಗೆ ಒಂದೇ ಕೆಲಸಕ್ಕೆ ಕೈ ಹಾಕಿ ನಿಂತದ್ದು ಇದೇ ಮೊದಲು.

“ಏನೋ ಇದು, ವೈಸ್ ಅಲ್ಲಾಡ್ತಿದೆ? ಬೋಲ್ಟ್ ಬಿಗಿ ಮಾಡೋ!” ಗುರುಸಿದ್ದಯ್ಯ ತಲೆಯೆತ್ತದೆ ಹೇಳಿದರು.

ಕಾಂತರಾಜು ಬಿಚ್ಚಿದ್ದ ಬೋಲ್ಟುಗಳನ್ನು ಜೇಬಿನಿಂದ ತೆಗೆದು ಮತ್ತೆ ಬಿಗಿದ. ಉಪ್ಪಿಟ್ಟು ತಿಂದು ಬರಿಗೈಯಲ್ಲೇ ಹೊರಟ.

ಮರುವಾರ ಪಕ್ಕದ ಮನೆಯ ಯಶೋದಮ್ಮನೂ ತಮ್ಮ ಈಳಿಗೆ ತಂದುಕೊಟ್ಟರು. ಗುರುಸಿದ್ದಯ್ಯ ಅರದ ಹಿಡಿಯನ್ನು ಹೆಂಡತಿಯ ಕಡೆ ಚಾಚಿದರು.

“ಇವತ್ತು ಇದನ್ನ ನೀನು ಹಿಡ್ಕೋ. ತುದಿ ನಾನು ಒತ್ತೀನಿ.”