ಅತ್ತೆಗೆ ಏನೂ ಆಗಲಿಲ್ಲ, ಇವರಿಗೇಕೆ ಆಯಿತು?

ಕೇರಳ ಗಡಿಯ ಮರಕ್ಕಡವು ಊರಿನ ನಂಜಯ್ಯ ಕಬಿನಿ ಹೊಳೆಯಲ್ಲಿ ಇಪ್ಪತ್ತು ವರ್ಷ ದೋಣಿ ನಡೆಸಿದವರು. ಆಚೆ ದಡದಿಂದ "ದೇವೀ, ಅನ್ನಕ್ಕಿಡು!" ಎಂದು ಕೂಗಿದರೆ ಈಚೆ ಅಡುಗೆಮನೆಗೆ ಕೇಳುತ್ತಿತ್ತು. ಈಗ ಕೇಳುವುದಿಲ್ಲ. ಹೊಗೆಸೊಪ್ಪು ಅಗಿದು ಅಗಿದು ನಾಲಿಗೆಗೆ ಕ್ಯಾನ್ಸರ್ ಆಗಿ, ಹೋದ ವರ್ಷ ಮುಕ್ಕಾಲು ನಾಲಿಗೆ ಕತ್ತರಿಸಿ ತೆಗೆದರು. ಜೀವ ಉಳಿಯಿತು. ಮಾತು ಉಳಿಯಲಿಲ್ಲ.

ಹೆಂಡತಿ ದೇವೀರಮ್ಮ ಸಂಜೆಯಾದರೆ ಈಗಲೂ ಹೊಳೆ ಕಡೆ ಕಿವಿ ಕೊಡುತ್ತಾರೆ. ಗಂಡ ಪಕ್ಕದಲ್ಲೇ ಕೂತಿರುತ್ತಾರೆ. ಆದರೂ ಆ ದನಿ ಬೇಕು ಅನ್ನಿಸುತ್ತದೆ.

ಒಂದು ದಿನ ಆಶಾ ಕಾರ್ಯಕರ್ತೆ ಶೈಲಜ ಬಂದಾಗ ದೇವೀರಮ್ಮ ಎಲೆಅಡಿಕೆಗೆ ಹೊಗೆಸೊಪ್ಪು ಮುರಿದು ಹಾಕಿಕೊಳ್ಳುತ್ತಿದ್ದರು.

"ಇಷ್ಟೆಲ್ಲ ಆದ ಮೇಲೂ ಹೊಗೆಸೊಪ್ಪಾ, ದೇವೀರಕ್ಕಾ?"

"ಸೊಪ್ಪಿಂದ ಬರೋದಾದ್ರೆ ನಮ್ಮತ್ತೆಗೆ ಬರಬೇಕಿತ್ತು. ಎಂಬತ್ತು ದಾಟೋವರೆಗೂ ಅಗಿದ್ರು, ಏನೂ ಆಗ್ಲಿಲ್ಲ. ಅವರ ಮಗನಿಗೆ ಯಾಕೆ ಆಯ್ತು, ಹೇಳು ಮಗಳೇ? ಎಲ್ಲಾ ಹಣೆಬರಹ."

"ಹಣೆಬರಹ ಅಲ್ಲಕ್ಕಾ. ಸೊಪ್ಪಿನ ವಿಷ ಮೈಗೆ ಸೇರಿದಾಗ ಅದನ್ನ ಮುರಿದು ಹೊರಗೆ ಹಾಕೋಕೆ ಮೈಯಲ್ಲೇ ಕಿಣ್ವಗಳು ಅಂತ ಇರ್ತವೆ. ಅವು ಎಷ್ಟು ಚುರುಕು ಅನ್ನೋದು ಅಪ್ಪ-ಅಮ್ಮನಿಂದ ಬರುತ್ತೆ. ಕೆಲವರಲ್ಲಿ ಒಂದೆರಡು ಹುಟ್ಟಿನಿಂದಲೇ ಇರೋದಿಲ್ಲ. ಅಂಥವರಿಗೆ ಅಪಾಯ ಜಾಸ್ತಿ ಇರಬಹುದು."

"ಹೆತ್ತ ಮಗ ಅಲ್ವಾ? ಅತ್ತೆಗಿದ್ದದ್ದು ಇವರಿಗೂ ಇರಬೇಕಲ್ಲ?"

"ಅಮ್ಮನದು ಅರ್ಧ, ಅಪ್ಪನದು ಅರ್ಧ. ನಂಜಣ್ಣನಿಗೆ ಯಾವುದು ಬಂತೋ ಯಾರಿಗೆ ಗೊತ್ತು? ಅದೊಂದೇ ಕಾರಣ ಅಂತಲೂ ಹೇಳಲ್ಲ. ಅತ್ತೆಗೆ ಏನೂ ಆಗದೆ ಇದ್ದದ್ದು ಅವರ ಅದೃಷ್ಟ. ಅದನ್ನ ನಂಬ್ಕೊಂಡು ನೀವು ಅಗಿಯೋದಾ?"

"ಹಂಗಾದ್ರೆ ನನ್ನ ಮೈ ಎಂಥದು ಅಂತ ಪರೀಕ್ಷೆ ಮಾಡ್ಸು."

"ಯಾವ ಪರೀಕ್ಷೆ ಮಾಡ್ಸಿದ್ರೂ ಹೊಗೆಸೊಪ್ಪು ಹಾಕ್ಕೊಳ್ಳಿ ಅಂತ ಯಾರೂ ಬರೆದುಕೊಡಲ್ಲ. ಕಿಣ್ವ ಚೆನ್ನಾಗಿದ್ದವರಿಗೂ ಕ್ಯಾನ್ಸರ್ ಬರುತ್ತೆ. ಎಲ್ಲಿ, ಬಾಯಿ ತೆಗೀರಿ."

ಟಾರ್ಚ್ ಬಿಟ್ಟು ನೋಡಿದರೆ ಕೆನ್ನೆಯ ಒಳಗೆ ಉಗುರಿನಷ್ಟಗಲ ಬಿಳಿ ಮಚ್ಚೆ. ಒರೆಸಿದರೂ ಹೋಗಲಿಲ್ಲ.

"ಆದದ್ದಾಗಲಿ ಬಿಡು," ಎಂದರು ದೇವೀರಮ್ಮ. "ಇವರ ಮಾತೇ ಹೋದ ಮನೇಲಿ ನನ್ನ ಬಾಯಿ ಇದ್ದೇನು?"

ಜಗಲಿಯಲ್ಲಿದ್ದ ನಂಜಯ್ಯ ಎದ್ದು ಬಂದರು. ಏನೋ ಹೇಳಹೋದರು, ದನಿ ಹೊರಟಿತು, ಮಾತಾಗಲಿಲ್ಲ. ಹೆಂಡತಿಯ ಗಲ್ಲ ಹಿಡಿದು, ಬೇಡ ಬೇಡ ಎಂದು ತಲೆ ಆಡಿಸುತ್ತ ಅತ್ತುಬಿಟ್ಟರು. ಆ ಮನೆಯಲ್ಲಿ ಇನ್ನು ಉಳಿದಿದ್ದ ಮಾತು ಆಕೆಯದೊಂದೇ.

ಮಾರನೇ ದಿನ ಮೂವರೂ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಡಾಕ್ಟರು ಹೇಳಿದರು: "ಇನ್ನೂ ಕ್ಯಾನ್ಸರ್ ಆಗಿಲ್ಲ. ಹೊಗೆಸೊಪ್ಪು, ಅಡಿಕೆ ಎರಡನ್ನೂ ಇವತ್ತೇ ಬಿಡಿ. ಕರೆದಾಗಲೆಲ್ಲ ಬಂದು ತೋರಿಸಿ."

ದೇವೀರಮ್ಮ ಬಿಟ್ಟರು. ಊಟವಾದ ಮೇಲೆ ಬಾಯಿ ಬೇಡುತ್ತದೆ, ಸುಮ್ಮನೆ ಸಿಟ್ಟು ಬರುತ್ತದೆ. ಆಗ ಒಂದಿಷ್ಟು ಜೀರಿಗೆ ಅಗಿಯುತ್ತಾರೆ, ಗಂಡನ ಹತ್ತಿರ ಹೋಗಿ ಮಾತಾಡುತ್ತಾ ಕೂರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ವಿಷವನ್ನು ಮುರಿಯುವ ಶಕ್ತಿ ನಿಮ್ಮ ಮೈಗೆ ಎಷ್ಟಿದೆ ಎಂದು ಹೊರಗಿಂದ ನೋಡಿದರೆ ತಿಳಿಯದು. ಅಜ್ಜಿಗೆ ಏನೂ ಆಗಲಿಲ್ಲ ಎಂದು ಧೈರ್ಯ ಮಾಡಬೇಡಿ. ಹೊಗೆಸೊಪ್ಪು, ಬೀಡಿ, ಅಡಿಕೆ ಬಿಡಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ತೋರಿಸಿ. ಬಾಯಿ ತೆಗೆಯಲು ನಾಚಬೇಡಿ. ನಿಮ್ಮ ಜೊತೆ ಇನ್ನೂ ಎಷ್ಟೋ ವರ್ಷ ಮಾತಾಡಬೇಕೆಂದು ಆಸೆಪಡುವವರು ಮನೆಯಲ್ಲಿದ್ದಾರೆ.