ಮಡಿಲಕ್ಕಿಗೆ ವೀಸಾ ಇಲ್ಲ

ಶಾಲಿನಿಯ ಪರ್ಸಿನಲ್ಲಿ ಒಂದು ಕಾರ್ಡಿತ್ತು. ಗಾತ್ರದಲ್ಲಿ ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು, ಗತ್ತಿನಲ್ಲಿ ಮಾತ್ರ ತಹಸೀಲ್ದಾರರ ಜೀಪು. ಪದೇ ಪದೇ ಬಂದು ಹೋಗುವವರ ಜಾತಕವನ್ನೆಲ್ಲ ಜಾಲಾಡಿ, ಹತ್ತು ಬೆರಳಿನ ಗುರುತು ತೆಗೆದುಕೊಂಡು, ಎದುರಿಗೆ ಕೂರಿಸಿ ಅಡ್ಡಪ್ರಶ್ನೆ ಕೇಳಿ, ಇವರು ನಂಬಿಗಸ್ತ ಪ್ರಯಾಣಿಕರು ಎಂದು ಅಮೆರಿಕದವರು ಕೊಡುವ ಕಾರ್ಡು. ಚಿಕಾಗೋದಲ್ಲಿ ವಿಮಾನ ಇಳಿದರೆ ಉಳಿದವರು ಎರಡು ಗಂಟೆ ಸಾಲಿನಲ್ಲಿ ಕಾಲು ಬದಲಿಸುತ್ತ ನಿಲ್ಲಬೇಕು. ಶಾಲಿನಿ ಪಕ್ಕದ ಯಂತ್ರಕ್ಕೆ ಕಾರ್ಡು ತೋರಿಸಿ, ಬೆರಳು ಒತ್ತಿ, ಪರದೆ ಕೇಳುವ ಪ್ರಶ್ನೆಗಳಿಗೆ ‘ಇಲ್ಲ, ಇಲ್ಲ’ ಎಂದು ಒತ್ತಿದರೆ ಮುಗಿಯಿತು. ಯಂತ್ರ ಕೊಟ್ಟ ಚೀಟಿ ನೋಡಿದರೆ ಸುಂಕದವರೂ ಬ್ಯಾಗು ಮುಟ್ಟುತ್ತಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅನ್ನುತ್ತಾರೆ. ಈ ಕಾರ್ಡಿದ್ದವರಿಗೆ ಹೇಳಿಕೊಳ್ಳುವ ಪ್ರಮೇಯವೇ ಇರಲಿಲ್ಲ.

ಅವಳಪ್ಪ ಹುಚ್ಚಯ್ಯನಿಗೆ ಆ ಕಾರ್ಡಿನ ಮೇಲೆ ಮಗಳಿಗಿಂತ ಹೆಚ್ಚು ಹೆಮ್ಮೆ. ಬಿಡದಿಯ ಹೊಲಗಳೆಲ್ಲ ಶೆಡ್ಡುಗಳಾದ ಹೊಸದರಲ್ಲಿ ಅವನು ಅಲ್ಲೊಂದು ಕಾರ್ಖಾನೆಯ ಗೇಟ್ ಕಾಯುವ ಕೆಲಸಕ್ಕೆ ಸೇರಿದ್ದ. ಅಂದಿನಿಂದಲೂ ಅದೇ ಕೆಲಸ: ಹೋಗುವವರ ಊಟದ ಡಬ್ಬಿ ಬಿಚ್ಚಿಸುವುದು, ಬರುವವರ ಜೇಬು ತಡವುವುದು. ಮಗಳು ಬಂದಾಗಲೆಲ್ಲ ಕಾರ್ಡನ್ನು ಇಸಿದುಕೊಂಡು ತಮ್ಮೂರು ಗುಡೇಮಾರನಹಳ್ಳಿಯ ಟೀ ಅಂಗಡಿಗೆ ಒಯ್ಯುತ್ತಿದ್ದ.

“ನೋಡ್ಲಾ ಮುನಿಯಪ್ಪ, ನನ್ನ ಮಗಳ ಬ್ಯಾಗ್ನ ಯಾವ ಗೇಟ್ನೋನೂ ಬಿಚ್ಸಂಗಿಲ್ಲ. ಗೌರ್ಮೆಂಟೇ ನಂಬೈತೆ ಕಣ್ಲಾ!”

“ನಮ್ ಡಬ್ಬೀನ ದಿನಾ ಬಿಚ್ಸಿ ಮುದ್ದೆ ಎಣಿಸ್ತೀಯಲ್ಲೋ, ನಮಗೂ ಒಂದು ಕೊಡ್ಸು,” ಅನ್ನುತ್ತಿದ್ದ ಅದೇ ಕಾರ್ಖಾನೆಯ ಕೂಲಿ ಮುನಿಯಪ್ಪ.

ಶಾಲಿನಿ ಬಿಡದಿಯಲ್ಲೇ ಇನ್ನೊಂದು ಕಾರ್ಖಾನೆಗೆ, ಬ್ರೇಕಿನ ಬಿಡಿಭಾಗ ಮಾಡುವಲ್ಲಿಗೆ, ಟ್ರೈನಿಯಾಗಿ ಸೇರಿದವಳು. ಅಲ್ಲೇ ಜೊತೆಗೆ ಕೆಲಸ ಮಾಡುತ್ತಿದ್ದ ಅಶೋಕನನ್ನು ಮದುವೆಯಾದಳು. ಕಂಪನಿ ಇಬ್ಬರನ್ನೂ ಡೆಟ್ರಾಯಿಟಿಗೆ ಕಳಿಸಿತು. ಅಲ್ಲಿನ ದೂರುಗಳನ್ನು ಹೊತ್ತು ಎರಡು-ಮೂರು ತಿಂಗಳಿಗೊಮ್ಮೆ ಬಿಡದಿಗೆ ಬಂದು, ವಾರವಿದ್ದು, ತಿದ್ದಿದ ಮಾಲಿನ ಮಾದರಿ ಹೊತ್ತು ಮರಳುವುದು ಅವಳ ಕೆಲಸ. ಚಿಕಾಗೋದಲ್ಲಿ ಇಳಿದ ಒಂದೂವರೆ ಗಂಟೆಯಲ್ಲಿ ಡೆಟ್ರಾಯಿಟಿನ ವಿಮಾನ ಹತ್ತಲೇಬೇಕು. ಅದಕ್ಕಾಗಿಯೇ ಈ ಕಾರ್ಡು. ಕಾರ್ಡು ಹೋದರೆ ಓಡಾಟದ ಕೆಲಸ ಬೇರೆಯವರ ಪಾಲು, ಅವ್ವನ ಮುಖ ಕಾಣುವುದು ಮೂರು ವರ್ಷಕ್ಕೊಂದು ಸಲ. ಕಾರ್ಡು ಕೊಡುವಾಗಲೇ ಅಧಿಕಾರಿ ಹೇಳಿದ್ದ: ಒಂದು ಹಣ್ಣು, ಒಂದು ಹಿಡಿ ಕಾಳು ಹೇಳದೆ ತಂದು ಸಿಕ್ಕಿಬಿದ್ದರೂ ಕಾರ್ಡು ವಾಪಸ್. ಹೇಳಿ ತಂದರೆ ಉದ್ದದ ಸಾಲು, ತಪಾಸಣೆ, ಕೊನೆಗೆ ತಂದದ್ದು ಅವರ ಕಸದ ಡಬ್ಬಿಗೆ.

ಈ ಕಾನೂನು ಅವಳವ್ವ ದೊಡ್ಡಲಕ್ಷ್ಮಮ್ಮನಿಗೆ ಯಾವ ಲೆಕ್ಕ? ಮಗಳು ತೌರಿಂದ ಹೊರಟಳೆಂದರೆ ಮಡಿಲು ತುಂಬಬೇಕು. ಮಣೆ ಹಾಕಿ, ಮೂಡಲಕ್ಕೆ ಮುಖ ಮಾಡಿ ಕೂರಿಸಿ, ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ, ಎಲೆ-ಅಡಿಕೆ, ಅರಿಸಿನದ ಕೊಂಬು ಹಾಕಬೇಕು. ಆ ಅಕ್ಕಿ ಗಂಡನ ಮನೆಯ ಒಲೆಯ ಮೇಲೇ ಬೇಯಬೇಕು. ಅದರಲ್ಲೂ ಶಾಲಿನಿಗೆ ಮದುವೆಯಾಗಿ ಆರು ವರ್ಷವಾದರೂ ಮಡಿಲು ಬರಿದಾಗಿತ್ತು. ಮೊಮ್ಮಗು ಆದರೆ ಮುಡಿ ಕೊಡಿಸುತ್ತೇನೆಂದು ಅವ್ವ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದಳು.

ಮೊದಲ ಸಲ ಶಾಲಿನಿ ಹೇಳಿ ನೋಡಿದಳು.

“ಅವ್ವ, ಅಲ್ಲಿ ಅಕ್ಕಿ-ಕಾಯಿ ಒಳಕ್ಕೆ ಬಿಡಲ್ಲ ಕಣವ್ವ.”

“ಏನು, ಅಕ್ಕಿಗೂ ವೀಸಾ ಬೇಕಾ?”

“ನಿಜವಾಗ್ಲೂ ಕಣವ್ವ.”

“ನಿನ್ನನ್ನೇ ಬಿಟ್ಕೊಂಡವ್ರೆ, ಮೂರು ಹಿಡಿ ಅಕ್ಕಿ ಬಿಟ್ಕಳಲ್ವಾ? ಸುಮ್ಕೆ ಸೆರಗೊಡ್ಡು.”

ಅವ್ವ ಪೆಟ್ಟಿಗೆಯಿಂದ ಹಳೆಯ ಹಸಿರು ಸೀರೆ ತೆಗೆದು, ಚೌಕಾಕಾರಕ್ಕೆ ಒಂದು ತುಂಡು ಹರಿದು, ಮಡಿಲಕ್ಕಿಯನ್ನು ಅದರಲ್ಲಿ ಗಂಟು ಕಟ್ಟಿದಳು. ಕೆಂಪು ಅಂಚಿನ ಆ ಸೀರೆಯನ್ನು ಜಂತೆಗೆ ಕಟ್ಟಿ ಶಾಲಿನಿಯನ್ನು ತೂಗಿದ್ದಳು. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ದಿನವೆಲ್ಲ ಕುದಿಯುವ ನೀರಿನಲ್ಲಿ ಗೂಡು ತಡಕಿ ಬಂದ ಕೈಯಲ್ಲೇ ಅದರ ತೂತುಗಳಿಗೆ ಹಳದಿ ದಾರದಲ್ಲಿ ತೇಪೆ ಹಾಕಿದ್ದಳು.

“ಒಂದೊಂದ್ಸಲ ಒಂದೊಂದು ತುಂಡು ಕೊಡ್ತೀನಿ ಮಗ. ಎತ್ತಿಡು. ಕೂಸಿಗೆ ಕುಲಾವಿ ಹೊಲಿಸ್ಕೊ.”

ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಶಾಲಿನಿ ಆ ಗಂಟನ್ನು ಎದೆಗವಚಿಕೊಂಡು ಅರ್ಧ ಗಂಟೆ ನಿಂತಳು. ಬೆಂಚಿನ ಮೇಲಿಟ್ಟು ನಾಲ್ಕು ಹೆಜ್ಜೆ ಹೋದಳೋ ಇಲ್ಲವೋ, ವಾರಸುದಾರರಿಲ್ಲದ ವಸ್ತುಗಳ ಬಗ್ಗೆ ಮೈಕಿನಲ್ಲಿ ಎಚ್ಚರಿಕೆ ಬಂತು. ಬಾಂಬೆಂದು ಊರೆಲ್ಲ ಕೂಡಿಸಿಯಾರೆಂದು ಓಡಿ ಬಂದು ಎತ್ತಿಕೊಂಡಳು. ಹೊತ್ತು ಮೀರುತ್ತಿತ್ತು. ಹೆಂಗಸರ ಶೌಚಾಲಯಕ್ಕೆ ಹೋಗಿ, ಯಾರೂ ಇಲ್ಲವೆಂದು ನೋಡಿ, ಗಂಟನ್ನು ಕಸದ ಡಬ್ಬಿಗೆ ಹಾಕಿ, ಮೇಲೆ ಕೈ ಒರೆಸುವ ಕಾಗದ ಮುಚ್ಚಿದಳು. ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ, ಕಾಗದ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದಳು.

ಡೆಟ್ರಾಯಿಟಿನಿಂದ ಫೋನು ಮಾಡಿದಾಗ ಅವ್ವನ ಮೊದಲ ಮಾತೇ ಅದು.

“ಮಡ್ಲಕ್ಕಿ ಬೇಯಿಸ್ದಾ ಮಗ?”

“ಹ್ಞೂ ಕಣವ್ವ. ಪಾಯಸ ಮಾಡ್ದೆ. ಇಬ್ರೂ ಉಂಡ್ವಿ.”

ಸತ್ಯದ ತಲೆ ಮೇಲೆ ಹೊಡೆದಂಥ ಸುಳ್ಳು. ಎರಡನೆಯ ಸಲ ತಿರುಗಿ ಹೋಗಿ ನೋಡಲಿಲ್ಲ. ಮೂರನೆಯ ಸಲ ಡಬ್ಬಿ ಯಾವ ಮೂಲೆಯಲ್ಲಿದೆಯೆಂದು ಹುಡುಕಬೇಕಾಗಲಿಲ್ಲ. ನಾಲ್ಕನೆಯ ಸಲದ ಹೊತ್ತಿಗೆ ಪಾಯಸಕ್ಕೆ ಏಲಕ್ಕಿ ಬಿದ್ದಿತ್ತು, ಐದನೆಯ ಸಲ ಅಶೋಕ ಎರಡು ಲೋಟ ಹೆಚ್ಚಿಗೆ ಕುಡಿದಿದ್ದ. ಪಾಪದ ಅಶೋಕನಿಗೆ ಇದರ ಸುದ್ದಿಯೇ ಗೊತ್ತಿರಲಿಲ್ಲ. ಆರು ಸಲ ಹೀಗೇ ನಡೆಯಿತು. ಆರು ಸಲವೂ ಚಿಕಾಗೋದ ಯಂತ್ರ ಹಣ್ಣು, ಬೀಜ, ಧಾನ್ಯ ಏನಾದರೂ ಇದೆಯೇ ಎಂದು ಕೇಳಿದಾಗ ಅವಳು ಒತ್ತಿದ ‘ಇಲ್ಲ’ ಅಪ್ಪಟ ನಿಜವಾಗಿತ್ತು. ಸುಂಕದವರಿಗೆ ಅವಳು ಒಂದು ದಿನವೂ ಸುಳ್ಳು ಹೇಳಲಿಲ್ಲ.

ಏಳನೆಯ ಸಲ ಬಂದಾಗ ಶುಕ್ರವಾರ ಅವ್ವ ಬಿಡಲಿಲ್ಲ. “ಈ ಸಲ ಅಮ್ಮನ್ನ ನೀನೇ ಬಂದು ಕೇಳ್ಕೊ,” ಎಂದು ಬಾಡಿಗೆ ಕಾರಿನಲ್ಲಿ ಕಬ್ಬಾಳಿಗೆ ಹೊರಡಿಸಿದಳು. ಹುಚ್ಚಯ್ಯ ರಜೆ ಹಾಕಿ ಮುಂದಿನ ಸೀಟಿನಲ್ಲಿ ಕೂತ.

ಗುಡಿಯ ಮುಂದೆ ಸಾಲು ಉದ್ದವಿತ್ತು. ಅವರ ಮುಂದೆಯೇ ನಡುವಯಸ್ಸು ದಾಟಿದ ಹೆಂಗಸೊಬ್ಬಳು ಮೂರು ತಿಂಗಳ ಕೂಸನ್ನು ಹೆಗಲಿಗೊರಗಿಸಿಕೊಂಡು ನಿಂತಿದ್ದಳು. ಕೂಸು ಅವಳ ಹೆಗಲ ಮೇಲಿಂದ ಶಾಲಿನಿಯನ್ನೇ ನೋಡುತ್ತಿತ್ತು. ಅದರ ತಲೆಯ ಮೇಲೆ ಹಸಿರು ಕುಲಾವಿ, ಕೆಂಪು ಅಂಚು. ಕಿವಿಯ ಹತ್ತಿರ ಹಳದಿ ದಾರದ ತೇಪೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ. ಹಸಿರು ಸೀರೆ ಊರಿಗೊಂದಿರುತ್ತದೆ ಎಂದು ಶಾಲಿನಿ ತನಗೆ ತಾನೇ ಹೇಳಿಕೊಂಡಳು. “ಅವ್ವ, ಆ ಕಡೆ ನೆರಳೈತೆ, ಅಲ್ಲಿ ನಿಂತ್ಕಳಾಣ ಬಾ,” ಎಂದು ಕೈ ಹಿಡಿದು ಎಳೆದಳು.

“ಇರು ಮಗ, ಸಾಲು ತಪ್ತದೆ,” ಎಂದ ಅವ್ವ ಆಗಲೇ ಕೂಸಿನ ಗಲ್ಲ ಹಿಡಿದಿದ್ದಳು. “ಏನವ್ವ, ಗಂಡಾ ಹೆಣ್ಣಾ?”

“ಗಂಡು ಕಣಕ್ಕ, ಮೊಮ್ಮಗ. ನಮ್ ಸೊಸೆಗೆ ಏಳು ವರ್ಸದಿಂದ ನಿಂತಿರ್ಲಿಲ್ಲ. ಅಮ್ಮ ಕಣ್ಬುಟ್ಳು.” ಮಾಯಮ್ಮ ಅಂತ ತನ್ನ ಹೆಸರು, ತನ್ನ ಮನೆ ಇಂಥಲ್ಲಿ, ಮಗ ಸೊಸೆ ಕಾಯಿ ತರಲು ಹೋಗಿದ್ದಾರೆ ಎಂದೆಲ್ಲ ಹೇಳಿಕೊಂಡಳು.

ಅವ್ವನ ಕೈ ಗಲ್ಲದಿಂದ ಕುಲಾವಿಗೆ ಹೋಯಿತು. ಬೆರಳು ಹಳದಿ ತೇಪೆಯ ಮೇಲೆ ನಿಂತಿತು.

“ಕುಲಾವಿ ಚೆಂದಾಗೈತೆ. ಬಟ್ಟೆ ಎಲ್ಲಿ ತಗಂಡ್ರಿ?”

“ಅದರ ಕತೆ ಕೇಳಿದ್ರೆ ನಗ್ತೀರೋ ಅಳ್ತೀರೋ,” ಎಂದಳು ಮಾಯಮ್ಮ. “ನಾನು ದೇವನಹಳ್ಳಿ ಏರ್‌ಪೋರ್ಟಲ್ಲಿ ಹೌಸ್‌ಕೀಪಿಂಗು. ಹೆಂಗಸರ ಕಕ್ಕಸ್ಸು ತೊಳೆಯೋದು ನನ್ ಡ್ಯೂಟಿ. ಹೋದ್ವರ್ಸ ಒಂದಿನ ಕಸದ ಚೀಲ ಎತ್ತಿದ್ರೆ ಭಾರ. ಬಿಚ್ಚಿ ನೋಡ್ತೀನಿ, ಮಡ್ಲಕ್ಕಿ ಕಣಕ್ಕ! ಕಾಯಿ, ಬೆಲ್ಲ, ಅರಿಸಿನದ ಕೊಂಬು, ಕಟ್ಟಿದ ಗಂಟು ಕಟ್ಟಿದಂಗೇ ಐತೆ. ನನ್ನೆದೆ ಧಸಕ್ಕಂತು.”

“ಅಯ್ಯೋ ನಮ್ಮವ್ವ,” ಎಂದ ಹುಚ್ಚಯ್ಯ.

“ಒಂದ್ಸಲ ಅಲ್ಲ ಯಜಮಾನ್ರೆ, ಎರಡು-ಮೂರು ತಿಂಗಳಿಗೊಂದ್ಸಲ! ಅದೇ ಹಸಿರು ಬಟ್ಟೆ. ಅಲ್ಲಿಂದ ಒಂದು ಕಡ್ಡಿ ಹೊರಕ್ಕೆ ತಂದ್ರೂ ಕಳ್ತನ ಅಂತ ಪಾಸ್ ಕಿತ್ಕಂಡು ಮನೇಗ್ ಕಳಿಸ್ತಾರೆ. ಆದ್ರೂ ಸೀರೆ ಒಳಗೆ ಸೊಂಟಕ್ಕೆ ಕಟ್ಕಂಡು ತರ್ತಿದ್ದೆ. ಮಡ್ಲಕ್ಕೀನ ಕಸಕ್ಕೆ ಬುಡಾಕಾಯ್ತದಾ? ಸೊಸೆಗೆ ಪಾಯಸ ಮಾಡಿಕ್ದೆ, ಪ್ರತೀ ಸಲಾನೂ. ನೋಡಿ, ಹುಟ್ಟವ್ನೆ. ಯಾವ ತಾಯಿ ಹೊಟ್ಟೆ ಉರ್ಕಂಡು ಕಟ್ಟಿದ್ಳೋ, ಯಾವ ಮುಂಡೇಮಗಳು ಕಕ್ಕಸ್ಸಿಗೆ ಹಾಕಿದ್ಳೋ, ಅವಳ ಕೈ...”

“ಬಯ್ಬ್ಯಾಡ ಕಣ್ ಮಾಯಮ್ಮ.” ಅವ್ವನ ದನಿ ಮೆತ್ತಗಿತ್ತು. “ಆ ಮಗೀಗೆ ಏನ್ ತೊಂದ್ರೆ ಇತ್ತೋ ಏನೋ. ನಿನ್ ಮನೆ ಬೆಳಕಾಯ್ತಲ್ಲ.”

ಕೂಸನ್ನು ಇಸಿದುಕೊಂಡು ಎದೆಗೊರಗಿಸಿದಳು. ಕುಲಾವಿಯ ಮೇಲೆ ಮೂಗಿಟ್ಟು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಎಲೆಅಡಿಕೆ ಚೀಲದಿಂದ ಒಂದು ನೋಟು ತೆಗೆದು ಅದರ ಮುಷ್ಟಿಗಿಟ್ಟು, ನೆಟಿಗೆ ಮುರಿದು ಕೊಟ್ಟಳು. ಶಾಲಿನಿಯ ಕಡೆ ತಿರುಗಿ ನೋಡಲಿಲ್ಲ. ನೋಡಿ ಕೆನ್ನೆಗೆರಡು ಬಾರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶಾಲಿನಿಗೆ. ಗರ್ಭಗುಡಿಯ ಮುಂದೆ ನಿಂತಾಗ ಏನು ಕೇಳಿಕೊಳ್ಳಬೇಕೆಂದು ತೋಚದೆ ಕೈ ಮುಗಿದು ಬಂದಳು.

ದಾರಿಯುದ್ದಕ್ಕೂ ಹುಚ್ಚಯ್ಯನದೇ ಮಾತು. “ಎಂಥಾ ಕಾಲ ಬಂತು ನೋಡ್ಲಾ ಡ್ರೈವರು. ಮಡ್ಲಕ್ಕೀನ ಕಕ್ಕಸ್ಸಿಗೆ ಹಾಕೋದು ಅಂದ್ರೆ! ನಮ್ ಮಗಳೂ ಹೋಯ್ತಾಳೆ ಬತ್ತಾಳೆ, ಒಂದು ಕಾಳು ಚೆಲ್ಲಿಲ್ಲ.” ಹಿಂದಿನ ಸೀಟಿನಲ್ಲಿ ಇಬ್ಬರೂ ತಂತಮ್ಮ ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದು ಮುಖ ತೊಳೆದ ಮೇಲೆ, ಅಪ್ಪ ಟೀ ಅಂಗಡಿಗೆ ಹೋದದ್ದು ನೋಡಿಕೊಂಡು, ಅವ್ವ ಒಂದೇ ಮಾತು ಕೇಳಿದಳು.

“ಪಾಯಸಕ್ಕೆ ಬೆಲ್ಲ ಸಾಕಾಯ್ತಿತ್ತಾ ಮಗ?”

“ಅವ್ವ, ಕಾರ್ಡು ಹೋಯ್ತದೆ ಅಂತ... ಕಾರ್ಡು ಹೋದ್ರೆ ನಿನ್ ನೋಡಕ್ಕೂ ಬರಂಗಿರ್ಲಿಲ್ಲ ಕಣವ್ವ.”

“ಹೇಳ್ಬಾರ್ದಿತ್ತಾ?”

“ಹೇಳಿದ್ದೆ. ನೀನೇ ಕೇಳ್ಲಿಲ್ಲ.”

“ನಿಜ. ಒಂದ್ಸಲ ಹೇಳ್ದೆ, ನಾನು ಕೇಳ್ಲಿಲ್ಲ.” ಅವ್ವ ತಲೆಯಾಡಿಸಿದಳು. “ಸುಳ್ಳನ್ನ ನೀನು ಆರು ಸಲ ಹೇಳ್ದೆ. ಎಲ್ಲಾನೂ ಕೇಳಿಸ್ಕಂಡೆ. ಏಲಕ್ಕಿ ಹಾಕಿದ್ದೂ ಕೇಳಿಸ್ಕಂಡೆ.”

ಶಾಲಿನಿ ಕಾಲು ಹಿಡಿಯಲು ಬಗ್ಗಿದಳು. ಅವ್ವ ಕಾಲು ಹಿಂದಕ್ಕೆಳೆದುಕೊಂಡು ಒಲೆಯ ಕಡೆ ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಉಪ್ಪುಸಾರು ಮಾಡಿದಳು, ಮುದ್ದೆ ತೊಳಸಿದಳು, ತಲೆಗೆ ಎಣ್ಣೆ ಹಚ್ಚಿದಳು. ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಹೊರಡುವ ದಿನ ಶಾಲಿನಿ ಯಾರೂ ಹೇಳದೆ ಸೀರೆ ಉಟ್ಟಳು. ತಾನೇ ಮಣೆ ಹಾಕಿಕೊಂಡು ಮೂಡಲಕ್ಕೆ ಮುಖ ಮಾಡಿ ಕೂತಳು. ಈ ಸಲ ಏನಾದರಾಗಲಿ, ಕಾರ್ಡು ಹಾಳಾಗಿ ಹೋಗಲಿ, ಗಂಟು ತೋರಿಸಿ ಉದ್ದದ ಸಾಲಿನಲ್ಲೇ ನಿಲ್ಲುತ್ತೇನೆ, ಕಿತ್ತುಕೊಂಡರೆ ಅವರೇ ಕಿತ್ತುಕೊಳ್ಳಲಿ ಎಂದು ಗಟ್ಟಿ ಮಾಡಿಕೊಂಡಿದ್ದಳು. ಅವ್ವ ಕುಂಕುಮದ ಬಟ್ಟಲು ತಂದು ಹಣೆಗಿಟ್ಟಳು.

“ಹೊತ್ತಾಯ್ತು, ಏಳು ಮಗ.”

“ಮಡ್ಲು, ಅವ್ವ?” ಶಾಲಿನಿ ಸೆರಗೊಡ್ಡಿದಳು.

“ಕಳಿಸ್ಬುಟ್ಟೆ ಕಣವ್ವ. ನಿಮ್ಮಪ್ಪ ನೆನ್ನೆ ಮಾಯಮ್ಮನ ಮನೆ ಹುಡುಕ್ಕೊಂಡು ಹೋಗಿ ಕೊಟ್ಬಂದ್ರು, ಅವರಿಗೆ ಕೂಸಿಗೆ ಅಂತ ಅಷ್ಟೇ ಹೇಳಿವ್ನಿ. ಮಿಕ್ಕಿದ್ದ ಸೀರೇನೂ ಕೊಟ್ಟೆ, ತೊಟ್ಲಿಗಾಯ್ತದೆ. ಹೆಂಗಿದ್ರೂ ಅಲ್ಲಿಗೇ ಹೋಗೋದು. ನೀನ್ಯಾಕೆ ಅಷ್ಟು ದೂರ ಹೊರಬೇಕು?”

ಚುಚ್ಚಿ ಆಡಿದ ಮಾತಲ್ಲ, ಮಗಳ ಭಾರ ಇಳಿಸುವ ದನಿಯಲ್ಲೇ ಆಡಿದ್ದು. ಶಾಲಿನಿ ಒಡ್ಡಿದ ಸೆರಗನ್ನು ಮಡಿಸಿಕೊಂಡು ಎದ್ದಳು.

ದೇವನಹಳ್ಳಿಯಲ್ಲಿ ಕಾಲುಗಳು ರೂಢಿಯಂತೆ ಶೌಚಾಲಯಕ್ಕೆ ಕರೆದೊಯ್ದವು. ಕಸದ ಡಬ್ಬಿಯ ಮುಂದೆ ಒಂದು ಗಳಿಗೆ ನಿಂತಳು. ಹಾಕುವುದಕ್ಕೆ ಏನೂ ಇರಲಿಲ್ಲ. ಚಿಕಾಗೋದಲ್ಲಿ ಕಾರ್ಡು ತೋರಿಸಿ ಬೆರಳು ಒತ್ತಿದಳು. ಹಣ್ಣು, ಬೀಜ, ಧಾನ್ಯ ಏನಾದರೂ ಇದೆಯೇ ಎಂದು ಯಂತ್ರ ಎಂದಿನಂತೆ ಕೇಳಿತು. ಇಲ್ಲ ಎಂದು ಒತ್ತಿದಳು. ಚೀಟಿ ಬಂತು. ಸುಂಕದವನು ಅವಳ ಮುಖ ಕೂಡ ನೋಡದೆ ಹೋಗೆಂದು ಕೈ ತೋರಿಸಿದ.

ಡೆಟ್ರಾಯಿಟಿಗೆ ಬಂದು ಫೋನು ಮಾಡಿದಳು. ಅವ್ವ ಮಡಿಲಕ್ಕಿಯ ಮಾತೆತ್ತಲಿಲ್ಲ.

“ಸುಸೂತ್ರವಾಗಿ ಹೋದ್ಯಾ ಮಗ? ಗೇಟಲ್ಲಿ ತಡೀಲಿಲ್ವಾ?”

“ಇಲ್ಲ ಅವ್ವ.”

“ಬ್ಯಾಗ್ ಬಿಚ್ಸಲಿಲ್ವಾ?”

“ಇಲ್ಲ.”

“ಹ್ಞೂ. ಅವ್ರಾದ್ರೂ ನಂಬ್ತಾರಲ್ಲ, ಬುಡು,” ಎಂದು ಅವ್ವ ಫೋನನ್ನು ಅಪ್ಪನ ಕೈಗೆ ಕೊಟ್ಟಳು.