ಮೂರನೆಯ ಕಂಬದ ಉತ್ತರ

ಟಕ್.

ನಡುರಾತ್ರಿ ಶೆಡ್ಡಿನಲ್ಲಿ ಮಲಗಿದ್ದ ಸುಮಿತಾ ಎದ್ದು ಕುಳಿತಳು. ಸದ್ದು ಕಾಳಿ ನದಿಯ ಹಳೆಯ ಸೇತುವೆಯ ಕಡೆಯಿಂದ ಬಂದಿತ್ತು. ಬಿಸಿಲಿಗೆ ಹಿಗ್ಗಿದ ಕಾಂಕ್ರೀಟು ತಂಪಿಗೆ ಕುಗ್ಗುವಾಗ ಹೀಗಾಗುತ್ತದೆಂದು ಓದಿದ್ದಳು. ಓದಿದ್ದನ್ನೇ ನೆನೆಯುತ್ತ ಬೆಳಗು ಮಾಡಿದಳು.

ಸೇತುವೆಯ ದುರಸ್ತಿಗೆ ಬಂದ ಎಂಜಿನಿಯರ್ ಅವಳು. ಮರುದಿನ ಸುತ್ತಿಗೆಯಿಂದ ಕಂಬಗಳನ್ನು ತಟ್ಟುತ್ತ ಹೋದಾಗ ಮೂರನೆಯದರ ಬುಡ ಪೊಳ್ಳೆಂದಿತು. ಮತ್ತೆ ತಟ್ಟಲು ಕೈಯೆತ್ತುವಷ್ಟರಲ್ಲಿ ಒಳಗಿನಿಂದ ಯಾರೋ ತಟ್ಟಿದರು. ಒಂದೇ ಏಟು.

"ಹೆದರಬ್ಯಾಡ್ರಿ ಬಾಯಾರ. ನಮ್ಮ ಅಂತೋನಿ ಅವ."

ಹಿಂದೆ ಬಂಡೆಯ ಮೇಲೆ ಮುದುಕಿ ಫ್ಲೇವಿಯಾ ಕುಳಿತಿದ್ದಳು, ಆಚೆ ದಂಡೆಯ ಸಿದ್ದಿ ಕೇರಿಯವಳು. ಸೇತುವೆ ಕಟ್ಟುವಾಗ ನದಿಯಲ್ಲಿ ಕಾಂಕ್ರೀಟಿನ ಬಾವಿ ನಿಲ್ಲಿಸಿ, ಒಳಗಿನ ಮರಳು ತೋಡುತ್ತ ಅದನ್ನು ಬಂಡೆಯವರೆಗೂ ಇಳಿಸಿದ್ದರು. ತೋಡುವವನ ದನಿ ಮೇಲಕ್ಕೆ ಕೇಳದು. ಅವನು ಕಬ್ಬಿಣದ ಕೊಳವೆ ಬಡಿಯಬೇಕು. ಒಂದು ಏಟೆಂದರೆ ಆರಾಮ ಇದ್ದೇನೆ, ಎರಡೆಂದರೆ ಮೇಲೆಳೆಯಿರಿ. ಫ್ಲೇವಿಯಾಳ ಗಂಡ ಅಂತೋನಿ ಇಳಿದಿದ್ದ ದಿನ ಮರಳು ನುಗ್ಗಿತು. ಹೆಣ ಸಿಗಲಿಲ್ಲ. ಅದೇ ಬಾವಿ ತುಂಬಿ ಈ ಮೂರನೆಯ ಕಂಬ ಎಬ್ಬಿಸಿದರು.

"ಮನ್ಯಾಗಿದ್ದಾಗ ಹತ್ತ ಸಲ ಕರದ್ರೂ ಓ ಅಂತಿರಲಿಲ್ಲ. ಈಗ ನೋಡ್ರಿ, ಬಡದ ಕೂಡ್ಲೆ ಉತ್ತರ! ಯಾವಾಗ್ಲೂ ಒಂದ. ಆರಾಮ ಅದಾನ."

"ಆಯಿ, ಈ ಪೊಳ್ಳ ತುಂಬಬೇಕು. ಇಲ್ಲಾಂದ್ರ ಕಂಬ ನಿಲ್ಲೂದಿಲ್ಲ. ಸಾಲಿ ಹುಡುಗರ ಬಸ್ಸು ಇದರ ಮ್ಯಾಲ ಹೋಗತೈತಿ."

ಫ್ಲೇವಿಯಾ ಎದ್ದು ಬಂದು ಕಂಬಕ್ಕೆ ಅಂಗೈ ಒತ್ತಿದಳು. "ತುಂಬ್ರಿ. ನನ್ನ ಕಿವಿ ಮಂದ, ಅಂಗೈ ಇಟ್ಟು ತಿಳ್ಕೋತಿದ್ದೆ. ಗಟ್ಟಿ ಆದ ಮ್ಯಾಲ ಅದೂ ತಿಳಿಲಿಕ್ಕಿಲ್ಲ. ಆವಾಗ ನೀವ ಒಂದ ಸಲ ಕೇಳಿ ಹೇಳ್ರಿ, ಅವ ಆರಾಮ ಅದಾನೋ ಇಲ್ಲೋ. ಅಷ್ಟ ತಿಳದ್ರ ನಾ ನಿದ್ದಿ ಮಾಡ್ತೇನಿ."

ರಂಧ್ರ ಕೊರೆದು ಪಂಪಿನಿಂದ ಸಿಮೆಂಟಿನ ಹಾಲು ಬಿಟ್ಟರು. ಕಂಬ ಬೇಡವೆನ್ನುವವರೆಗೂ ಕುಡಿಯಿತು. ಅದು ಗಟ್ಟಿಯಾದ ಮೇಲೆ ಸುಮಿತಾ ಸುತ್ತಲೂ ತಟ್ಟಿ ನೋಡಿದಳು. ಎಲ್ಲೂ ಪೊಳ್ಳಿನ ಸದ್ದಿಲ್ಲ. ಒಳಗೆ ಬೆರಳಾಡಿಸುವಷ್ಟೂ ಜಾಗವಿಲ್ಲ.

ಸಂಜೆ ಫ್ಲೇವಿಯಾ ಬಂದಳು. ಕಲ್ಲಿನಿಂದ ಕಂಬಕ್ಕೆ ಒಂದು ಏಟು ಹಾಕಿ, ಅಂಗೈ ಇಟ್ಟು, ತಲೆಯಾಡಿಸಿದಳು. ಏನೂ ತಿಳಿಯಲಿಲ್ಲ. ಸುಮಿತಾ ಕಂಬಕ್ಕೆ ಕಿವಿಯೊತ್ತಿದಳು.

ಟಕ್. ಟಕ್.

ಮತ್ತೆ ಎರಡು ಏಟು, ಈ ಸಲ ಅವಸರದಿಂದ.

"ಎಷ್ಟ ಬಡದಾ, ಬಾಯಾರ?"

ಮುದುಕಿಯ ಕಣ್ಣು ಅವಳ ತುಟಿಯ ಮೇಲೇ ಇತ್ತು.

"ಒಂದ, ಆಯಿ."

"ಶಾಣ್ಯಾ ಅದಾನ," ಎಂದು ನಕ್ಕು, ಸೆರಗು ಹೊದ್ದು, ಫ್ಲೇವಿಯಾ ಮನೆಯ ದಾರಿ ಹಿಡಿದಳು.

ಸುಮಿತಾ ಕಿವಿ ತೆಗೆಯಲಿಲ್ಲ. ಒಳಗಿನವನು ಬಡಿಯುತ್ತಲೇ ಇದ್ದ. ಆ ಎರಡನೆಯ ಏಟನ್ನು ಆಫೀಸಿನಲ್ಲಾಗಲಿ, ಹಳಿಯಾಳದ ಮನೆಯಲ್ಲಾಗಲಿ, ಬದುಕಿರುವವರೆಗೆ ಯಾರ ಮುಂದೆಯೂ ಹೇಳಬಾರದೆಂದು ಅವಳು ಅಲ್ಲೇ ನಿರ್ಧರಿಸಿದಳು.